ತುಕ್ಕಿನ ರುಚಿ ಬಲ್ಲ ಕಾಳಾಚಾರ್ರು

ಕಾಳಾಚಾರ್ರು ಕಬ್ಬಿಣವನ್ನು ನೆಕ್ಕಿ ನೋಡುತ್ತಿದ್ದರು. ಬೀಗ, ಕತ್ತರಿ, ಬಂದೂಕಿನ ನಳಿಗೆ, ಏನೇ ಕೈಗೆ ಬಂದರೂ ಪಂಚೆಯ ಅಂಚಿನಲ್ಲಿ ಒರೆಸಿ, ನಾಲಗೆಯ ತುದಿ ತಾಗಿಸಿ, ಕಣ್ಣು ಮುಚ್ಚಿ, ಮಗ್ಗುಲಿಗೆ ಉಗಿದು ತೀರ್ಪು ಕೊಡುತ್ತಿದ್ದರು. ಮಳೆಯ ತುಕ್ಕು ಸಪ್ಪೆ, ಕೊಟ್ಟಿಗೆಯ ತುಕ್ಕು ಖಾರ, ಕೈಬೆವರಿನ ತುಕ್ಕು ಉಪ್ಪು. ಇದನ್ನು ಎಷ್ಟು ಸಲ ಕಣ್ಣಾರೆ ಕಂಡೆ ಎಂದು ಕೇಳಿದರೆ, ಒಂದೇ ಸಲ. ಉಳಿದದ್ದು ಅಜ್ಜಂಪುರದ ಜನ ಹೇಳಿದ್ದು. ನನ್ನ ನೆನಪಿನಲ್ಲಿ ಮಾತ್ರ ಅವರು ದಿನವೂ ನೆಕ್ಕುತ್ತಾರೆ.

ಆ ನಾಲಗೆ ಚೆನ್ನಾಗಿ ನೆನಪಿದೆ. ಮೂಗು ಹೇಗಿತ್ತೆಂದು ಆಣೆ ಮಾಡಿ ಹೇಳಲಾರೆ. ಕುಳ್ಳಗಿದ್ದರು. ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಅಥವಾ ಬಲಗೈಯದು. ಅಜ್ಜಂಪುರದ ಸ್ಟೇಷನ್ನಿನ ಹಿಂದೆ ಅವರ ತಗಡಿನ ಕುಲುಮೆಮನೆ. ಬೇರೆಯವರು ದೇವರ ಪಟ ತೂಗುಹಾಕುವ ಕಡೆ ಅವರು ಕಟ್ಟು ಹಾಕಿಸಿದ ಒಂದು ಕಾಗದ ತೂಗುಹಾಕಿದ್ದರು: ಬಂದೂಕು ರಿಪೇರಿ ಮಾಡಲು ಸರ್ಕಾರ ಕೊಟ್ಟ ಲೈಸೆನ್ಸು. ಬೆಳಿಗ್ಗೆ ಅದಕ್ಕೇ ಊದುಬತ್ತಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಸೇರಿ ಆ ಕಾಗದ ಇದ್ದದ್ದು ಅವರೊಬ್ಬರಲ್ಲೇ ಎಂದು ಅವರೇ ಹೇಳುತ್ತಿದ್ದರು. "ಇದೊಂದು ಹೋದ್ರೆ ನಾನು ಎತ್ತಿಗೆ ಲಾಳ ಹೊಡ್ಕಂಡಿರ್ಬೇಕು, ಅಷ್ಟೇಯ" ಎನ್ನುತ್ತಿದ್ದರು.

ನಾನಾಗ ಒಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಎಲ್ಲ ಕಚೇರಿಗಳೂ ತಮ್ಮದೇ ಎಂದು ತಿಳಿದುಕೊಳ್ಳಲಿ. ಆಯುಧಗಳ ರಿಜಿಸ್ಟರು ನನ್ನ ಸುಪರ್ದಿನಲ್ಲಿತ್ತು. ಇಡೀ ತಾಲ್ಲೂಕಿನ ಮದ್ದುಗುಂಡುಗಳನ್ನು ಕಾಯಲು ನನಗೆ ಕೊಟ್ಟ ಆಯುಧವೆಂದರೆ ತಪ್ಪು ಬರೆದ ಅಕ್ಷರ ಕೆರೆಯುವ ಒಂದು ಪುಟ್ಟ ಚಾಕು.

ಆ ರಿಜಿಸ್ಟರಿಗೆ ಒಂದು ದಿನ ಪಟೇಲ ರುದ್ರೇಗೌಡರ ಪಿಸ್ತೂಲು ಬಂತು. ಕಾಫಿತೋಟದ ಇಂಗ್ಲಿಷ್ ದೊರೆಯೊಬ್ಬ ಸೀಮೆಗೆ ಮರಳುವ ಮುಂಚೆ ಮನೆಸಾಮಾನು ಹರಾಜು ಹಾಕಿದಾಗ ಗೌಡರು ಒಂದು ಸ್ನಾನದ ತೊಟ್ಟಿಯನ್ನೂ ಇದನ್ನೂ ಕೊಂಡಿದ್ದರು. ತೊಟ್ಟಿಯಲ್ಲಿ ಎತ್ತುಗಳು ನೀರು ಕುಡಿದವು. ಪಿಸ್ತೂಲು ಸರ್ಕಾರಿ ದಾಖಲೆಗೆ ಹೊರಟಿತು. ಆಗಲೇ ಅದಕ್ಕೆ ತುಕ್ಕು ಹಿಡಿದಿತ್ತು. ಗೌಡರು ಅದರ ಬಾಯನ್ನು ನೇರ ನನ್ನ ಎದೆಗೆ ತಿರುಗಿಸಿ, ನಂಬರು ಬರ್ಕೊಳ್ಳಿ ಎಂದರು. ಕುರ್ಚಿ ಎಷ್ಟು ಹಿಂದಕ್ಕೆ ಸರಿಯುತ್ತದೋ ಅಷ್ಟು ದೂರದಿಂದ ಓದಿದೆ. ಕೊನೆಯ ಅಂಕಿಯ ಮೇಲೆ ತುಕ್ಕು. ಒಂದು ಎಂದು ಬರೆದೆ. ಲೈಸೆನ್ಸಿನಲ್ಲೂ ಅದೇ ಹೋಯಿತು.

ಆಮೇಲೆ ಐದು ವರ್ಷ ಆ ಪಿಸ್ತೂಲು ಒಂದು ಕಾಗೆಯನ್ನೂ ಹೆದರಿಸಲಿಲ್ಲ. ದೇವರ ಗೂಡಿನಲ್ಲಿ ಕೂತಿತ್ತು. ಕೊನೆಗೆ ತಾಲ್ಲೂಕಿಗೆ ಹೊಸ ಅಮಲ್ದಾರರು ಬಂದು, ವರ್ಷದ ಲೆಕ್ಕಪತ್ರ ನೋಡುವ ಜಮಾಬಂದಿಯ ಹೊತ್ತಿಗೆ ಎಲ್ಲ ಆಯುಧಗಳನ್ನೂ ಸ್ವತಃ ತನಿಖೆ ಮಾಡುತ್ತೇನೆಂದು ಹುಕುಂ ಹೊರಡಿಸಿದರು. ಗೌಡರಿಗೆ ಪಿಸ್ತೂಲಿನ ಮಾನ ನೆನಪಾಯಿತು. ಪಕ್ಕದಲ್ಲಿ ಸರ್ಕಾರದ ಮುಖವೊಂದಿರಲಿ ಎಂದು ನನ್ನನ್ನೂ ಗಾಡಿಗೆ ಹತ್ತಿಸಿಕೊಂಡು ಅಜ್ಜಂಪುರಕ್ಕೆ ಹೋದರು.

ನಾನು ಕಣ್ಣಾರೆ ಕಂಡ ಆ ಒಂದು ಸಲ ಇದೇ. ಆಚಾರ್ರು ನಾಲಗೆ ತಾಗಿಸಿ, ಸುಮಾರು ಹೊತ್ತು ಕಣ್ಣು ಮುಚ್ಚಿದರು.

"ಇದು ಮಳೇದಲ್ಲ ಗೌಡ್ರೇ. ಎಳನೀರು. ಮೇಲೆ ಒಂಚೂರು ಹಾಲು. ಇದಕ್ಕೆ ಯಾರೋ ಅಭಿಷೇಕ ಮಾಡವ್ರೆ."

"ನಮ್ಮವ್ವ ಕಣೋ ಆಚಾರಿ. ಆಯುಧಪೂಜೆ ದಿನ ಮಾಡ್ದೆ ಇರಕ್ಕಾಯ್ತದಾ?"

"ಮಾಡ್ಲಿ ಬುಡಿ. ದೇವ್ರಿಗೆ ಸ್ನಾನ ಮಾಡಿಸಿದ್ಮೇಲೆ ಒರೆಸ್ತೀರಲ್ಲ, ಇದನ್ನೂ ಒರೆಸ್ಬೇಕಾಗಿತ್ತು."

ಸೀಮೆಎಣ್ಣೆಯಲ್ಲಿ ನಾಲ್ಕು ದಿನ ನೆನೆಸಿ ಗುಂಡುಗಳ ಉರುಳೆಯನ್ನು ಬಿಚ್ಚಿದಾಗ ಒಳಗೆ ಸಿಡಿಯದ ಒಂದು ತೋಟಾ ಇತ್ತಂತೆ. ಐದು ವರ್ಷ ಗೌಡರ ಮನೆಮಂದಿಯೆಲ್ಲ ಅದರ ಬಾಯಿಯ ಮುಂದೆ ಹಣೆ ಹಚ್ಚಿ ನಮಸ್ಕರಿಸಿದ್ದರು. ಎಳನೀರು ಅವರನ್ನು ಕಾಪಾಡಿತ್ತು.

ಆಚಾರ್ರ ಕೆಲಸ ನಿಧಾನ. ಉಜ್ಜಿ ಥಳಥಳ ಮಾಡಿ ಕೊಡು ಎಂದರೆ ಅವರಿಗೆ ಸಿಟ್ಟು. ಕಬ್ಬಿಣ ಕನ್ನಡಿಯಲ್ಲ, ಅದಕ್ಕೊಂದು ಚರ್ಮ ಬೇಕು ಎಂಬುದು ಅವರ ಮತ. ಹಳೆಯ ತುಕ್ಕನ್ನು ಕೊಂಬಿನ ಚೂರಿನಿಂದ ಕೆರೆದು, ಇಟ್ಟಿಗೆಪುಡಿಯಿಂದ ಉಜ್ಜಿ, ಸೀಗೆಪುಡಿಯಲ್ಲಿ ಜಿಡ್ಡು ತೊಳೆದು, ತಾವು ಕಷಾಯ ಎಂದು ಕರೆಯುವ ಒಂದು ನೀರನ್ನು ಸವರಿ ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಕಬ್ಬಿಣದ ಮೇಲೆ ಹೊಸ ಕೆಂಪು ತುಕ್ಕು. ಅದನ್ನು ಹಾಗೇ ಕುದಿಯುವ ನೀರಿಗೆ ಹಾಕಿದರೆ ಕೆಂಪು ಕಪ್ಪಾಗುತ್ತಿತ್ತು. ಮೇಲಿನ ಪುಡಿಯನ್ನು ಬ್ರಷ್ಷಿನಿಂದ ತೆಗೆದು ಮತ್ತೆ ಕಷಾಯ, ಮತ್ತೆ ತುಕ್ಕು, ಮತ್ತೆ ಕುದಿತ. ಹೀಗೆ ಒಂಬತ್ತು ದಿನ. ಕೊನೆಗೆ ಮಳೆಗಾಲದ ಮೋಡದಂಥ ಒಂದು ನೀಲಿಗಪ್ಪು ಉಳಿಯುತ್ತಿತ್ತು.

ಕಷಾಯ ಹಚ್ಚಿದ ಮೂರನೆಯ ದಿನ ಗೌಡರು ಹೇಳದೆ ಕೇಳದೆ ಬಂದು ನೋಡಿದರೆ, ಪಿಸ್ತೂಲು ತಾವು ಕೊಟ್ಟಾಗಿನದಕ್ಕಿಂತ ಕೆಂಪಗೆ ತುಕ್ಕು ಹಿಡಿದು ಮೊಳೆಗೆ ನೇತಾಡುತ್ತಿದೆ. ಅವರು ಬೈದದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಆಚಾರ್ರು ಕೊಟ್ಟ ಉತ್ತರ ಇಷ್ಟೇ: "ಅದು ನಿಮ್ ತುಕ್ಕು ಗೌಡ್ರೇ. ಇದು ನನ್ ತುಕ್ಕು."

ಕೆಲಸ ಮುಗಿದ ದಿನ ನಾನೂ ಹೋಗಿದ್ದೆ. ಪಿಸ್ತೂಲು ನಿಜವಾಗಿ ಚೆನ್ನಾಗಿತ್ತು, ನನ್ನಂಥವನಿಗೂ ಮುಟ್ಟಬೇಕೆನ್ನಿಸಿತು. ಮುಟ್ಟಿದೆ, ತಿರುಗಿಸಿದೆ, ನಂಬರು ಓದಿದೆ. ಕೊನೆಯ ಅಂಕಿ ಒಂದಲ್ಲ, ಏಳು. ಐದು ವರ್ಷ ತುಕ್ಕಿನಡಿಯಲ್ಲಿ ಸುಮ್ಮನೆ ಮಲಗಿದ್ದ ಏಳಿನ ತಲೆ ಈಗ ಸ್ಪಷ್ಟವಾಗಿ ನನ್ನನ್ನೇ ನೋಡುತ್ತಿತ್ತು.

ಗೌಡರಿಗೆ ಹೇಳಿದೆ. ಅವರು ಕೂತುಬಿಟ್ಟರು. ಜಮಾಬಂದಿಗೆ ಮೂರು ದಿನ. ರಿಜಿಸ್ಟರಿನಲ್ಲಿ ಇಲ್ಲದ ಪಿಸ್ತೂಲು ಇಟ್ಟುಕೊಂಡ ಪಟೇಲ, ಇಲ್ಲದ ಪಿಸ್ತೂಲನ್ನು ರಿಜಿಸ್ಟರಿಗೆ ಹತ್ತಿಸಿದ ಗುಮಾಸ್ತ: ಇಬ್ಬರಿಗೂ ಮನೆ ದಾರಿ. ಏಳಿನ ತಲೆ ಉಜ್ಜಿಬಿಡು ಅಂದರು ಗೌಡರು. ಅವರು ಬೆದರಿಸಿದರು, ನಾನು ಅಂಗಲಾಚಿದೆ. ಆಚಾರ್ರು ಅರವನ್ನು ಕೈಗೆ ತೆಗೆದುಕೊಂಡರು. ನನಗೆ ಉಸಿರು ಬಂತು. ಅವರು ಅದನ್ನು ಒರೆಸಿ ಮೊಳೆಗೆ ತೂಗುಹಾಕಿ, ನನ್ನ ಕಡೆ ತಿರುಗಿದರು.

"ಏಳಿನ ತಲೆ ತೆಗ್ಯೋದು ಒಂದು ಗಳಿಗೆ ಕೆಲ್ಸ ರಾಯ್ರೇ. ನಿಮ್ ಬುಕ್ಕಲ್ಲಿ ಒಂದ್ನ ಕೆರೆದು ಏಳು ಬರ್ಯೋದು ಅದಕ್ಕಿಂತ ಸುಲ್ಬ. ಜೇಬಲ್ಲಿ ಚಾಕು ಐತಲ್ಲ."

ಸರ್ಕಾರಿ ದಾಖಲೆಯನ್ನು ತಿದ್ದುವುದು ಅಪರಾಧ ಎಂದು ವಿವರಿಸಿದೆ.

"ಬುಕ್ಕು ತಿದ್ದಿದ್ರೆ ತಪ್ಪು. ಪಿಸ್ತೂಲು ತಿದ್ದಿದ್ರೆ ತಪ್ಪಲ್ವಾ?"

ಚಾಕುವನ್ನು ಜೇಬಿನ ಇನ್ನೂ ಆಳಕ್ಕೆ ತಳ್ಳಿದೆ. ಅಮಲ್ದಾರರ ಹತ್ರ ಹೋಗಿ, ತುಕ್ಕಿತ್ತು, ಸರಿಯಾಗಿ ಕಾಣಲಿಲ್ಲ ಅಂತ ಹೇಳಿಬಿಡಿ ಅಂದರು ಆಚಾರ್ರು. ಬೇಕಾದರೆ ತಾನೂ ಬಂದು ಹೇಳುತ್ತೇನೆ ಅಂದರು. ಗೋಡೆಯ ಮೇಲಿನ ಕಾಗದದ ಕಡೆ ಒಮ್ಮೆ ನೋಡಿ, "ಅದನ್ನ ಕೊಟ್ಟೋರೂ ಸರ್ಕಾರ್ದೋರೇ ತಾನೇ" ಎಂದರು. ಸರ್ಕಾರವನ್ನು ನಂಬಿದ ಕೊನೆಯ ಮನುಷ್ಯನನ್ನು ನಾನು ಹೀಗೆ ಹತ್ತಿರದಿಂದ ಕಂಡೆ.

ನಾನು ಹೋಗಿ ಹೇಳಲಿಲ್ಲ. ಮೂರು ದಿನವೂ ನಾಳೆ ಹೇಳುವ ಎಂದುಕೊಂಡೆ.

ಜಮಾಬಂದಿಯ ದಿನ ಅಮಲ್ದಾರರು ನಂಬರು ಓದಿದರು, ರಿಜಿಸ್ಟರು ನೋಡಿದರು, ಮತ್ತೆ ಓದಿದರು. ಯಾರೂ ಕೇಳುವ ಮುಂಚೆಯೇ ಗೌಡರು, ಪಿಸ್ತೂಲು ಇಷ್ಟು ದಿನ ಆಚಾರಿಯ ಕೈಯಲ್ಲಿತ್ತು ಸ್ವಾಮಿ ಎಂದರು. ಅಮಲ್ದಾರರು ಮರುದಿನ ಆಚಾರ್ರನ್ನು ಕರೆಸಿದರು. ಅವರು ಒಗೆದ ಪಂಚೆ ಉಟ್ಟು, ಕಟ್ಟು ಹಾಕಿಸಿದ ಕಾಗದವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ತುಕ್ಕಿನಲ್ಲಿ ಒಂದರ ಹಾಗೆ ಕಂಡಿರಬಹುದು, ಅಡಿಯಲ್ಲಿ ಮೊದಲಿನಿಂದಲೂ ಏಳೇ ಇತ್ತು. ಅಮಲ್ದಾರರು ನನ್ನ ಕಡೆ ತಿರುಗಿದರು.

"ನೀನು ನೋಡಿ ಬರೆದದ್ದು ಏನು?"

"ಒಂದು, ಸ್ವಾಮಿ."

ಅಂದೆ. ಸುಳ್ಳೇನಲ್ಲವಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ತುಕ್ಕಿನ ಮಾತನ್ನು ಅವರು ಕೇಳಲಿಲ್ಲ, ನಾನು ಎತ್ತಲಿಲ್ಲ. ಎಷ್ಟೋ ವರ್ಷ ಇದನ್ನು ಸ್ನೇಹಿತರಿಗೆ ಹೇಳುವಾಗ, ನಾನು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅಮಲ್ದಾರರು ಹಾಳೆ ತಿರುವಿದರು ಎಂದು ಸೇರಿಸುತ್ತಿದ್ದೆ. ಒಳ್ಳೆಯ ವಾಕ್ಯ. ನಾನು ಬಾಯಿ ತೆರೆದಿರಲಿಲ್ಲ.

ಒಂದನ್ನು ಏಳು ಮಾಡಿದರೆ ಆಚಾರಿಗೇನು ಲಾಭ ಎಂದು ಯಾರೂ ಕೇಳಲಿಲ್ಲ. ನಂಬರು ತಿದ್ದಿದ ಗುಮಾನಿಯ ಮೇಲೆ ಅವರ ಲೈಸೆನ್ಸು ರದ್ದಾಯಿತು. ಕಾಗದವನ್ನು ಕಟ್ಟಿನಿಂದ ಬಿಡಿಸಿ ಕೊಡಿ ಎಂದಾಗ ಅವರಿಂದ ಆಗಲಿಲ್ಲ. ಕಟ್ಟಿನ ಮೊಳೆ ಕೀಳಲು ನನ್ನ ಚಾಕುವನ್ನೇ ಕೇಳಿ ಇಸಕೊಂಡರು. ಗೌಡರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಪಿಸ್ತೂಲು ಸರ್ಕಾರದ ವಶವಾಯಿತು. ಗೌಡರ ತಾಯಿ ಮುಂದಿನ ಆಯುಧಪೂಜೆಗೆ ಖಾಲಿ ಗೂಡಿಗೇ ಎಳನೀರು ಎರೆದರಂತೆ. ನನಗೆ ಮುಂದೆ ಬಡ್ತಿಯೂ ಬಂತು, ದಾಖಲೆಗಳನ್ನು ಚೊಕ್ಕಟವಾಗಿ ಇಡುತ್ತೇನೆಂದು.

ಕಡೂರಿಗೆ ವರ್ಗವಾದ ಮೇಲೆ ಒಂದು ಬೆಳಿಗ್ಗೆ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ಹೋಗಲು ನೆಪ ಬೇಕಿತ್ತು. ಚಾಕುವಿಗೆ ತುಕ್ಕು ಹಿಡಿದಿತ್ತು. ಆಚಾರ್ರು ಮಲಗಿಸಿದ ಎತ್ತಿನ ಗೊರಸಿಗೆ ಲಾಳ ಹೊಡೆಯುತ್ತಿದ್ದರು. ಈ ಭೇಟಿಯನ್ನು ನಾನು ಹಲವು ವಿಧದಲ್ಲಿ ನೆನೆಸಿಕೊಂಡಿದ್ದೇನೆ. ಒಂದರಲ್ಲಿ ಅವರು ಚಾಕುವನ್ನು ನಾಲಗೆಗೆ ತಾಗಿಸಿ, ಇದು ಬೆವರು ರಾಯ್ರೇ, ಹೆದರಿದ ಕೈಯದು ಎನ್ನುತ್ತಾರೆ. ಅದು ನಾನು ಕಟ್ಟಿಕೊಂಡದ್ದು.

ಅವರು ನೆಕ್ಕಲಿಲ್ಲ. ಚಾಕುವನ್ನು ಎರಡೂ ಕಡೆ ತಿರುಗಿಸಿ ನೋಡಿ ನನ್ನ ಅಂಗೈಯಲ್ಲಿ ವಾಪಸ್ಸಿಟ್ಟರು.

"ಆಗಲ್ಲ ರಾಯ್ರೇ. ನನ್ ಹತ್ರ ಲೈಸೆನ್ಸಿಲ್ಲ."

ಅಕ್ಷರ ಕೆರೆಯುವ ಚಾಕುವಿಗೆ ಲೈಸೆನ್ಸು ಬೇಕಿಲ್ಲವೆಂದು ನನಗೆ ಗೊತ್ತಿತ್ತು; ಅವರಿಗೂ ಗೊತ್ತಿತ್ತು. ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಎತ್ತಿನ ಕಡೆ ತಿರುಗಿದರು. ಬಾಯಲ್ಲಿ ಕಬ್ಬಿಣ ಇಟ್ಟುಕೊಂಡವರ ಜೊತೆ ಮಾತು ಬೆಳೆಸಲಾಗುವುದಿಲ್ಲ. ಮುಂದಿನ ರೈಲಿಗೆ ಬಂದುಬಿಟ್ಟೆ. ಚಾಕು ಈಗಲೂ ಇದೆ. ಅದರ ರುಚಿ ಏನೆಂದು ನಾನು ನೋಡಿಲ್ಲ.