ಸೆಲ್ಲು ಮತ್ತು ಬಚ್ಚಲಿನ ಚಿಲಕ

ಹಲವು ವರ್ಷ ನಮ್ಮ ಮನೆಯ ಬಚ್ಚಲಿಗೆ ಒಳಚಿಲಕವೇ ಇರಲಿಲ್ಲ. ಕಾರಣ ನಾನು. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಂಡೇ ಬೆಳೆದವಳು. ಮೊದಲೆಲ್ಲ ಸಕ್ಕರೆ ತೀರಾ ಇಳಿದರೆ ಕೈ ನಡುಗಿ, ಬೆವರು ಬಂದು ಗೊತ್ತಾಗುತ್ತಿತ್ತು. ಬರಬರುತ್ತಾ ಆ ಮುನ್ಸೂಚನೆ ನಿಂತೇಹೋಯಿತು. ಒಮ್ಮೆ ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಬೋಲ್ಟುಗಳ ಅಳತೆ ನೋಡುತ್ತಿದ್ದವಳು ಕೂತಲ್ಲೇ ಕುಸಿದೆ. ಇನ್ನೊಮ್ಮೆ ಬಚ್ಚಲಲ್ಲಿ, ಅದೂ ಚಿಲಕ ಹಾಕಿಕೊಂಡು. ಬಾಗಿಲು ಮುರಿದು ನನ್ನನ್ನು ಎತ್ತಿದ ಮೇಲೆ ಅತ್ತೆ ಚಿಲಕವನ್ನೇ ಕೀಳಿಸಿದರು.

ಅಂದಿನಿಂದ ನಾನು ಸ್ನಾನಕ್ಕೆ ಹೋದರೆ ಅತ್ತೆ ಹೊರಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. 'ಏನವಾ?' ಎಂದು ಅವರು ಕೂಗಿದರೆ ನಾನು 'ಓ' ಅನ್ನಬೇಕು. ತಡವಾದರೆ ಸಕ್ಕರೆ ಡಬ್ಬಿ ಹಿಡಿದು ಒಳಗೇ ಹಾಜರು. ಬಾಗಲಕೋಟೆ ಕಡೆಯ ಗಟ್ಟಿ ಗಂಟಲು ಬೇರೆ, ರಾಜಗೋಪಾಲನಗರದ ನಮ್ಮ ಬೀದಿಗೆಲ್ಲ ನನ್ನ ಸ್ನಾನದ ಹೊತ್ತು ಗೊತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಮೈಮೇಲೆ ನೆಮ್ಮದಿಯಾಗಿ ನಾಲ್ಕು ಚೊಂಬು ನೀರು ಹುಯ್ದುಕೊಳ್ಳುವ ಸುಖವೂ ನನಗಿಲ್ಲವೇ ಅನ್ನಿಸಿ ಅಳು ಬರುತ್ತಿತ್ತು.

ಕೊನೆಗೆ ಡಾಕ್ಟರು ಒಂದು ಅಪರೂಪದ ಚಿಕಿತ್ಸೆಯ ಮಾತೆತ್ತಿದರು. ತೀರಿಕೊಂಡವರು ದಾನ ಕೊಟ್ಟ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಸೆಲ್ ಬೇರ್ಪಡಿಸಿ, ನನ್ನ ಲಿವರಿಗೆ ಹೋಗುವ ರಕ್ತನಾಳಕ್ಕೆ ಬಿಡುತ್ತಾರಂತೆ. ಅವು ಕೆಲಸ ಮಾಡಿದರೆ ನಿಂತುಹೋದ ಮುನ್ಸೂಚನೆಯೂ ಮರಳಬಹುದಂತೆ. ಮೈ ಅವನ್ನು ಒಲ್ಲೆ ಅನ್ನದಂತೆ ಮಾತ್ರೆ ನುಂಗುತ್ತಲೇ ಇರಬೇಕು, ಸೋಂಕಿನ ಭಯವೂ ಉಂಟು.

ಅತ್ತೆಯ ಕಿವಿಗೆ ಬಿದ್ದದ್ದು ಸೆಲ್ ಒಂದೇ. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಮೆಲ್ಲಗೆ ಕೇಳಿದರು: 'ಬ್ಯಾಟ್ರಿಗೆ ಹಾಕೂ ಸೆಲ್ಲೋ, ಗಡಿಯಾರದ್ದೋ? ಗಡಿಯಾರದ್ದಾದ್ರ ಭಾಳ ದಿನಾ ಬರ್ತಾವ ನೋಡು.' ಹೆದರಿ ಮುದುಡಿ ಕೂತಿದ್ದ ನಾನು ಆಟೋದವನು ತಿರುಗಿ ನೋಡುವಷ್ಟು ನಕ್ಕೆ. ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಆದರೆ ನೆಂಟರಿಗೆಲ್ಲ ಹೇಳಿದ್ದು ಮಾತ್ರ 'ಸೊಸಿಗೆ ಸೆಲ್ ಹಾಕಸ್ತೀವಿ' ಎಂದೇ.

ಚಿಕಿತ್ಸೆಯಾಯಿತು. ಇನ್ಸುಲಿನ್ ಪೂರ್ತಿ ಬಿಡಲಿಲ್ಲ, ತುಂಬಾ ಕಡಿಮೆಯಾಯಿತು. ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಕೈಯಲ್ಲಿದ್ದ ಚೊಂಬು ಅಲ್ಲಾಡತೊಡಗಿತು. ನೋಡುತ್ತೇನೆ, ನನ್ನ ಕೈ! ಎದೆ ಡವಡವ, ಹಣೆಯಲ್ಲಿ ಬೆವರು. ಸೀರೆ ಸುತ್ತಿಕೊಂಡು ಕೂಗಿದೆ: 'ಅತ್ತೇ, ಸಕ್ಕರೆ ತನ್ನಿ! ಕೈ ನಡುಗ್ತಿದೆ!'

ಗಾಬರಿಯಿಂದ ನುಗ್ಗಿದವರು ನಗುತ್ತಿದ್ದ ನನ್ನನ್ನು ಕಂಡು ತಬ್ಬಿಬ್ಬಾದರು. ಬಾಯಿಗೆ ಸಕ್ಕರೆ ಹಾಕಿ, ನಡುಗುವ ಕೈಯನ್ನು ಹಿಡಿದು ನೋಡಿದರು. 'ಸೆಲ್ಲು ಕೆಲಸಕ್ಕ ಹತ್ತ್ಯಾವಲ್ಲವಾ!' ಎಂದು ಅಲ್ಲೇ ಕೂತು ಅತ್ತರು. ಯಾರದೋ ಮನೆಯ ಜೀವ ನನ್ನೊಳಗೆ ದುಡಿಯುತ್ತಿದೆ ಅನ್ನಿಸಿ ನಾನೂ ಅವರ ಪಕ್ಕದಲ್ಲೇ ಕೂತೆ.

ಆಮೇಲೆಯೂ ಸಕ್ಕರೆ ಇಳಿದಾಗಲೆಲ್ಲ ಕೈ ತಪ್ಪದೆ ಎಚ್ಚರಿಸಿತು. ಡಾಕ್ಟರು ಒಪ್ಪಿದ ಮೇಲೆ ಯಜಮಾನರು ಹೊಸ ಚಿಲಕ ಜಡಿದರು. ಮೊದಲ ದಿನ ಚಿಲಕ ಹಾಕಿಕೊಂಡು ಬಿಸಿನೀರು ಹುಯ್ದುಕೊಂಡೆ. ಹೊರಗೆ ಸದ್ದಿಲ್ಲ, ಯಾರೂ ಕೂಗಲಿಲ್ಲ. ಇಷ್ಟು ವರ್ಷ ಬೇಡಿದ ಸುಖ ಇದೇ, ಆದರೂ ಏನೋ ಕಳೆದುಹೋದ ಹಾಗೆ.

ತಡೆಯಲಾಗದೆ ನಾನೇ ಕರೆದೆ: 'ಅತ್ತೇ?'

ಬಾಗಿಲಿನ ಆಚೆ, ಮಣೆಯ ಎತ್ತರದಿಂದ, ದನಿ ಬಂತು: 'ಓ.'