ಅವ್ವನ ಕೈಯ ಬೋಣಿ

ಚಳ್ಳಕೆರೆಯಲ್ಲಿ ಚಳಿ ಬಿತ್ತು ಎಂದರೆ ಬಸ್ ಸ್ಟ್ಯಾಂಡಿನ ಪಕ್ಕದ ರಸ್ತೆಯಲ್ಲಿ ಹಳ್ಳಿ ಹೆಂಗಸರ ಸಾಲೊಂದು ಬಂದು ಕೂರುತ್ತದೆ. ಶೇಂಗಾ ಹೊಲದಲ್ಲಿ ಅಕ್ಕಡಿ ಸಾಲಾಗಿ ನಡುನಡುವೆ ಹಾಕಿದ ಅವರೆ, ತೊಗರಿ ಆ ಹೊತ್ತಿಗೆ ಕಾಯಿಗಟ್ಟಿರುತ್ತವೆ. ನನ್ನಿವಾಳದವರು, ತಳಕಿನ ಕಡೆಯವರು ಹಿಂದಿನ ಸಂಜೆಯೇ ಕಿತ್ತು ಗೋಣಿಚೀಲಕ್ಕೆ ತುಂಬಿ, ಮೊದಲ ಬಸ್ಸಿಗೆ ಹೇರಿಕೊಂಡು ಬರುತ್ತಾರೆ. ಅಂಗಡಿಗಳಲ್ಲಿ ಕೋಸು, ಕ್ಯಾರೆಟ್ಟು ವರ್ಷವಿಡೀ ಸಿಗುತ್ತವೆ, ಸಿಗಲಿ ಬಿಡಿ. ಬೆರಳಿಗೆ ಜಿಡ್ಡು ಹತ್ತುವ ಸೊಗಡಿನ ಅವರೆಕಾಯಿ ಮಾತ್ರ ಸಂಕ್ರಾಂತಿ ದಾಟಿ ಸ್ವಲ್ಪ ದಿನಕ್ಕೆ ಮಾಯ. ಅದನ್ನು ಹೊಟ್ಟೆ ತುಂಬ ತಿನ್ನದೆ ಚಳಿಗಾಲ ಕಳೆದರೆ ನನ್ನ ಪಾಲಿಗೆ ಆ ವರ್ಷವೇ ದಂಡ.

ನಾನು ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಪಾಠ ಹೇಳುವವಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲೂ ಸೀತಾಫಲದ ಬುಟ್ಟಿ ಇಟ್ಟುಕೊಂಡವರು "ರಾಮ್ಮಾ, ಬೋಣೀ ಬೇರಂ" ಎಂದು ತೆಲುಗಿನಲ್ಲಿ ಕೂಗುತ್ತಾರೆ. ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತೇವಲ್ಲ, ಅದಕ್ಕೆ ಯಾರಾದರೂ ಸರಿ, ಬಸ್ಸಿಳಿದವರನ್ನೆಲ್ಲ ಅವರು ಕರೆಯುತ್ತಾರೆ. ಚಳ್ಳಕೆರೆಯ ಸಾಲಿನಲ್ಲಿ ಹಾಗಲ್ಲ. ಇಲ್ಲಿ ಒಂದು ಕಾಲಕ್ಕೆ ಹೆಸರು ಹಿಡಿದಷ್ಟು ಗುರುತಿಟ್ಟು ಕರೆಯುತ್ತಿದ್ದದ್ದು ನಮ್ಮ ಅವ್ವನನ್ನು. ಅವ್ವನ ಕೈಗುಣ ಚೆನ್ನ, ಅವಳು ಬೋಣಿ ಮಾಡಿದರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಎಂದು ಆ ಹೆಂಗಸರ ನಂಬಿಕೆ. "ಅವ್ವಾರೇ, ಇಲ್ಲಿ ಬರ್ರಿ, ನಿಮ್ಮ ಕೈಲಿ ಆಗ್ಲಿ" ಎಂದು ಆ ತುದಿಯಿಂದ ಒಬ್ಬಳು, ಈ ತುದಿಯಿಂದ ಒಬ್ಬಳು. ಅವ್ವನಿಗೂ ಆ ಬಿಂಕ ಬೇಕು. ಬೇಡದಿದ್ದರೂ ಒಬ್ಬಳ ಹತ್ತಿರ ಕೊತ್ತಂಬರಿ, ಇನ್ನೊಬ್ಬಳ ಹತ್ತಿರ ಮೆಂತ್ಯ. ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಸಾರಿಗಿಂತ ಕೊತ್ತಂಬರಿಯೇ ಜಾಸ್ತಿ ಎಂದು ಅಪ್ಪ ರೇಗಿಸುತ್ತಿದ್ದರು.

ಅಪ್ಪ ತೀರಿಕೊಂಡರು. ತಿಥಿಯೆಲ್ಲ ಮುಗಿದು ಅವ್ವ ಮೊದಲ ಸಲ ಕೈಚೀಲ ಹಿಡಿದು ಹೊಸ್ತಿಲು ದಾಟುವಾಗ, ಮನೆಯಲ್ಲಿ ಉಳಿದಿದ್ದ ನಮ್ಮ ಸೋದರತ್ತೆ ಬಾಯಿ ಬಿಟ್ಟರು. "ಅತ್ತಿಗೆ, ಇಷ್ಟೊತ್ತಿಗೇ ಹೋಗಬ್ಯಾಡ. ಮಂದಿ ಬೋಣಿ ಆಗಿರಲ್ಲ. ಅವರೂ ಹೊಟ್ಟೆಪಾಡಿಗೆ ಬಂದೋರು, ಯಾರ ಬಾಯಿಗೂ ಬೀಳಬಾರ್ದು." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದೇ ನನಗೆ ಇನ್ನೂ ಉರಿ. ವಿಭೂತಿ ಹಚ್ಚಿದ ಹಣೆಗೆ ಅಪಶಕುನವಿಲ್ಲ ಎಂದು ನಮ್ಮವರು ಮಠದ ಸಭೆಗಳಲ್ಲಿ ತಲೆದೂಗಿ ಕೇಳುತ್ತಾರೆ, ಮನೆಗೆ ಬಂದು ಇಂಥ ಮಾತಾಡುತ್ತಾರೆ. ನಾನು ಅತ್ತೆಯ ಮೇಲೆ ಹಾರಾಡಿದೆ. ಅವ್ವ ಮಾತ್ರ ಚೀಲವನ್ನು ಮೊಳೆಗೆ ತೂಗುಹಾಕಿ ಒಳಗೆ ಹೋದಳು.

ಅಂದಿನಿಂದ ಅವ್ವ ಹತ್ತು ಹೊಡೆಯದೆ ಮನೆ ಬಿಡುತ್ತಿರಲಿಲ್ಲ. ಹೋದರೂ ಕಾಯಿಗೆ ಕೈ ಹಾಕುವ ಮೊದಲು "ಬೋಣಿ ಆತೇನವ್ವಾ?" ಎಂದು ಕೇಳುವುದು. ಆಗಿದೆ ಎಂದರೆ ಕೂರುವುದು, ಇಲ್ಲವೆಂದರೆ ಸರಸರ ಮುಂದೆ. ಹತ್ತರ ಮೇಲೆ ಆ ಸಾಲಿನಲ್ಲಿ ಏನಿರುತ್ತದೆ, ಮಣ್ಣಂಗಟ್ಟಿ! ಬಲಿತು ಹಳದಿಯಾದ ಕಾಯಿ, ಬಿಡಿಸಿದರೆ ಹುಳು. ಒಂದು ಇಡೀ ಚಳಿಗಾಲ ನಾವು ಊರು ಆರಿಸಿ ಬಿಟ್ಟದ್ದನ್ನೇ ತಿಂದೆವು. ಹುಳುಕಲು ಅವರೆ ತಿನ್ನುವುದು ನನಗೆ ದೊಡ್ಡದಲ್ಲ. ಹಿಂದೆ ಸಾಲಿನ ತಲೆ ಕಂಡೊಡನೆ ಹೆಜ್ಜೆ ಚುರುಕಾಗುತ್ತಿದ್ದ ಅವ್ವ, ಈಗ ಗೋಡೆಯಂಚು ಹಿಡಿದು ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತಿದ್ದಳು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. "ಸಾಕು ಮಾಡವ್ವ ಈ ಮಡಿ" ಎಂದು ಎಷ್ಟು ಸಲ ಜಗಳ ತೆಗೆದೆನೋ. "ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎನ್ನುತ್ತಿದ್ದಳು. ನನ್ನ ಸಿಟ್ಟು ಮೂಗಿನ ಮೇಲಿದ್ದರೆ ಅವಳ ಹಟ ನೆತ್ತಿಯ ಮೇಲೆ.

ಮರುವರ್ಷದ ಚಳಿಗಾಲ, ಒಂದು ಭಾನುವಾರ. ಎಂದಿನಂತೆ ಹತ್ತು ದಾಟಿಸಿ ಹೋದೆವು. ಅಂದು ಮಂಜು ಬಿದ್ದು ಬಿಸಿಲು ಏಳುವುದೇ ತಡವಾಗಿತ್ತು, ಅದರ ಮೇಲೆ ನನ್ನಿವಾಳದ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ನಾವು ಯಾವಾಗಲೂ ತೆಗೆದುಕೊಳ್ಳುವ ಅವರೆಕಾಯಿಯ ಹೆಂಗಸು ಆಗ ತಾನೆ ಚೀಲ ಸುರಿದು ಕೂತಿದ್ದಳು. ಸುಮಾರು ಅವ್ವನದೇ ವಯಸ್ಸು, ತಲೆಗೆ ಬಿಗಿಯಾಗಿ ಸೆರಗು ಸುತ್ತಿ ಅದರ ಮೇಲೊಂದು ಟವೆಲ್ಲು. ಎದುರಿಗೆ ಎಳೆ ಹಸಿರಿನ ರಾಶಿ. ಅಯ್ಯೋ, ಆ ಸೊಗಡಿನ ವಾಸನೆ! ನಾಲ್ಕು ಮಾರು ದೂರಕ್ಕೇ ಮೂಗಿಗೆ ಬಡಿಯಿತು. ಅವ್ವನ ಕಣ್ಣು ಅರಳಿದ್ದನ್ನು ನಾನು ನೋಡಿದೆ.

"ಬೋಣಿ ಆತೇನವ್ವಾ?"

"ಆಗೈತೆ ತಗಳವ್ವ" ಎಂದಳು ಅವಳು, ತಕ್ಕಡಿ ಎತ್ತಿಕೊಳ್ಳುತ್ತ.

ಅವ್ವ ಕೂತು ಒಂದೊಂದೇ ಕಾಯಿ ಒತ್ತಿ ನೋಡಿ ಆರಿಸಿದಳು. ಆ ಹೆಂಗಸು ತೂಗಿ, ಮೇಲೆ ಎರಡು ಹಿಡಿ ಕೊಸರು ಹಾಕಿದಳು. ಅವ್ವ ನೋಟು ಕೊಟ್ಟಳು. ಅವಳು ಅದನ್ನು ತೆಗೆದುಕೊಂಡು ಎರಡು ಕಣ್ಣಿಗೂ ಒತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಕಾಯಿಯ ರಾಶಿಗೆ ಒಂದು ಸುತ್ತು ಬಳಸಿ ಸೊಂಟದ ಚೀಲಕ್ಕೆ ಸೇರಿಸಿದಳು.

ಹಾಗೆ ಮಾಡುವುದು ಬೋಣಿಯ ದುಡ್ಡಿಗೆ ಮಾತ್ರ. ಎರಡನೆಯವರ ನೋಟು ಸೀದಾ ಚೀಲಕ್ಕೆ ಹೋಗುತ್ತದೆ. ಅದು ಅವ್ವನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಅವಳು ದಡಕ್ಕನೆ ಎದ್ದು ನಿಂತಳು.

"ಸುಳ್ಳು ಹೇಳಿದ್ಯಾ! ಬೋಣಿ ಆಗಿರ್ಲಿಲ್ಲ!"

"ಆಗಿದ್ರೇನು, ಬಿಟ್ರೇನು?" ಆ ಹೆಂಗಸು ಎಲೆ ಅಡಿಕೆಯ ಕೆಂಪು ಬಾಯಲ್ಲಿ ನಕ್ಕಳು.

"ಬ್ಯಾಡವ್ವ, ಕಾಯಿ ತಗ, ನಮ್ಮ ದುಡ್ಡು ವಾಪಸ್ ಕೊಡು."

"ಶಿವಶಿವಾ! ಬೋಣಿ ದುಡ್ಡು ವಾಪಸ್ ಕೊಟ್ರೆ ವ್ಯಾಪಾರ ಉಳಿತೈತಾ? ಚೀಲ ಕಟ್ಕಂಡು ನಾನು ಮನೀಗೆ ಹೋಗ್ಬೇಕಷ್ಟೇ."

ಅವ್ವ ಚೀಲ ಮುಂದೆ ಚಾಚಿದ್ದವಳು ಹಾಗೇ ಹಿಂದಕ್ಕೆ ಎಳೆದುಕೊಂಡಳು. ಅತ್ತ ದರಿ, ಇತ್ತ ಪುಲಿ. ತನ್ನ ಕೈಯ ಬೋಣಿ ಕೆಡುಕು, ಬೋಣಿ ಹಿಂದಕ್ಕೆ ಪಡೆಯುವುದು ಅದಕ್ಕಿಂತ ಕೆಡುಕು. ಶಾಸ್ತ್ರ ನಂಬಿದವಳನ್ನು ಶಾಸ್ತ್ರವೇ ಕಟ್ಟಿಹಾಕಿತ್ತು. ನನಗೆ ನಗು ಬಂತು, ಅವ್ವನ ಮುಖ ನೋಡಿ ನುಂಗಿಕೊಂಡೆ.

"ನಡಿಯವ್ವ, ಹೋಗಾನ" ಎಂದರೆ ಎಲ್ಲಿಗೆ ಬರುತ್ತಾಳೆ? ರಸ್ತೆಯ ಆಚೆ ಟೀ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟಳು. ಆ ಹೆಂಗಸಿನ ಕಾಯಿ ಖರ್ಚಾಗುವವರೆಗೆ ಕದಲುವುದಿಲ್ಲವಂತೆ. "ಖರ್ಚಾಗದಿದ್ರೆ?" ಎಂದೆ. "ಖರ್ಚಾಗದಿದ್ರೆ ನನ್ನ ಪಾಪ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಪತ್ರಿಕೆ ತಿದ್ದುವುದಿತ್ತು, ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವುದಿತ್ತು. ಎಲ್ಲ ಬಿಟ್ಟು ಒಂದು ಅವರೆಕಾಯಿ ರಾಶಿಯನ್ನು ಕಾಯುತ್ತ ಕೂತೆ.

ಬೈಕಿನವನೊಬ್ಬ ನಿಂತು ರೇಟು ಕೇಳಿ, ಗಾಡಿ ಆರಿಸದೆಯೇ ಹೊರಟುಹೋದ. "ನೋಡ್ದಾ?" ಎಂದಳು ಅವ್ವ. ಸೀರೆಯ ಮೇಲೆ ಸ್ವೆಟರ್ ಹಾಕಿದ ಹೆಂಗಸೊಬ್ಬಳು ಅರ್ಧ ರಾಶಿ ತಿರುವಿ ಹಾಕಿ, ಚೌಕಾಸಿ ಮಾಡಿ, ಮೂತಿ ತಿರುವಿಕೊಂಡು ಎದ್ದಳು. "ನೋಡ್ದಾ, ನೋಡ್ದಾ?" "ಚೌಕಾಸಿಗೆ ಎದ್ದು ಹೋದೋಳು ನಿನ್ನ ಮುಖ ನೋಡಿ ಎದ್ದೋದ್ಲಾ? ತಲೆ ಕೆಟ್ಟೈತಾ ನಿಂಗೆ?" ಎಂದು ಬೈದೆ. ಅವ್ವನ ಕೈಯಲ್ಲಿದ್ದ ಟೀಯ ಮೇಲೆ ಕೆನೆ ಕಟ್ಟಿತ್ತು.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಒಂದು ವೇಳೆ ಕಾಯಿ ಉಳಿದೇ ಹೋದರೆ? ವ್ಯಾಪಾರ ಅಂದ ಮೇಲೆ ಒಂದೊಂದು ದಿನ ಉಳಿಯುತ್ತದೆ, ಅದಕ್ಕೆ ಯಾರ ಕೈಗುಣವೂ ಬೇಕಿಲ್ಲ. ಆದರೆ ಇವತ್ತು ಉಳಿದರೆ ಅವ್ವ ಇನ್ನು ಜನ್ಮದಲ್ಲಿ ಈ ರಸ್ತೆಗೆ ಕಾಲಿಡುವುದಿಲ್ಲ. ಆಮೇಲೆ ಮೂಲೆ ಹಿಡಿದು ಮನೆಯೊಳಗೇ ಕೂರುತ್ತಾಳೆ. ಶಕುನ ಗಿಕುನ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಹೇಳಿಕೊಡುವ ನಾನು, ಆ ಬೆಂಚಿನ ಮೇಲೆ ಕೂತು, ಯಪ್ಪಾ ದೇವರೇ, ಒಬ್ಬರನ್ನಾದರೂ ಆ ಕಡೆ ಕಳಿಸು ಎಂದು ಬೇಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಬಿಸಿಲು ಬಂತು. ಜನ ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಸಂತೆಗೆ ಬಂದಂತೆ ಬರತೊಡಗಿದರು. ಮೊದಲೇ ಬಂದು ಕೂತಿದ್ದವರ ಒಳ್ಳೆಯ ಕಾಯಿ ಮುಗಿದು ಹುಳುಕಲು ಉಳಿದಿತ್ತಲ್ಲ, ತಾಜಾ ಇದ್ದದ್ದು ಇವಳೊಬ್ಬಳ ಹತ್ತಿರವೇ. ಒಬ್ಬರು ಕೂತರು, ಅವರ ಹಿಂದೆ ಇನ್ನಿಬ್ಬರು ಬಗ್ಗಿದರು. ಚೌಕಾಸಿ ಮಾಡಿ ಹೋಗಿದ್ದವಳೂ ಸಾಲೆಲ್ಲ ಸುತ್ತಿ ಅಲ್ಲಿಗೇ ವಾಪಸ್ ಬಂದಳು. ನಾನು ಅವ್ವನ ತೊಡೆ ತಿವಿದೆ. ಅವ್ವ "ಹ್ಞೂಂ, ಹ್ಞೂಂ" ಎಂದಳೇ ಹೊರತು ಕಣ್ಣು ಕೀಳಲಿಲ್ಲ. ರಾಶಿ ತಗ್ಗುತ್ತ ತಗ್ಗುತ್ತ ಗೋಣಿಯ ನೇಯ್ಗೆ ಕಂಡಾಗ, ಅವ್ವ ತಣ್ಣಗಾಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದಳು. ನನಗೆ ಹೋದ ಜೀವ ಬಂದಂತಾಯಿತು.

ಆ ಹೆಂಗಸು ಚೀಲ ಕೊಡವಿ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಸೀದಾ ಟೀ ಅಂಗಡಿಗೇ ಬಂದಳು.

"ನಾನೂ ಆಗ್ಲಿಂದ ನೋಡ್ತಾನೇ ಇದ್ದೀನಿ, ಪೊಲೀಸ್ನೋರು ಕಾದಂಗೆ ಕಾಯ್ತಾ ಕುಂತೀಯಲ್ಲವ್ವ. ಯಾಕೆ?"

ಅವ್ವ ಲೋಟ ಕೆಳಗಿಟ್ಟಳು. "ನಿಂಗೆ ಗೊತ್ತಿಲ್ಲೇನೋ. ನಮ್ಮ ಯಜಮಾನ್ರು ಹೋದ್ರವ್ವ. ಅದ್ಕೇ ಯಾರಿಗೂ ನಾನು ಬೋಣಿ ಮಾಡಲ್ಲ."

"ಗೊತ್ತೈತೆ ಬಿಡು. ವಾರಾ ವಾರಾ ಬಂದು ಬೋಣಿ ಆತಾ, ಬೋಣಿ ಆತಾ ಅಂತೀಯಲ್ಲ, ನಮಗೇನು ಅಷ್ಟೂ ತಿಳಿಯಲ್ವಾ? ಇವತ್ತು ಬೇಕಂತ್ಲೇ ಸುಳ್ಳು ಹೇಳ್ದೆ." ಅವಳು ಬೆಂಚಿನ ಮೇಲೆ ಅವ್ವನ ಪಕ್ಕ ಕೂತಳು. ತಲೆಗೆ ಸುತ್ತಿದ್ದ ಟವೆಲ್ಲು, ಸೆರಗು ಎರಡನ್ನೂ ಹಿಂದಕ್ಕೆ ಸರಿಸಿದಳು. ಬೋಳು ಹಣೆ, ಬೋಳು ಕೊರಳು. "ನನ್ನ ಗಂಡ ಹೋದಾಗ ನನ್ನ ಕೂಸಿಗೆ ಇನ್ನೂ ಹಲ್ಲು ಬಂದಿರ್ಲಿಲ್ಲ. ಅವತ್ತಿಂದ ಇದೇ ಜಾಗದಾಗೆ ಕುಂತೀನಿ. ಈ ಊರು ಬೆಳಿಗ್ಗೆದ್ದು ನೋಡಾದೇ ನನ್ನ ಮುಖ. ಯಾರ ಮನೆ ಹಾಳಾತು? ಆ ಸಾಲಿನಾಗೆ ಕುಂತೋರು ಮುಕ್ಕಾಲು ಮಂದಿ ನಮ್ಮಂಥೋರೇ ಕಣವ್ವ, ಗಂಡ ಇದ್ರೆ ಅವನ್ನೇ ಕಳಿಸ್ತಿದ್ವು ಈ ಚಳಿಗೆ. ನನ್ನ ಕೈಯಾಗಿನ ಕಾಯಿ ನಿನ್ನ ಮನೀಗೆ ಆಗ್ತೈತೆ, ನಿನ್ನ ಕೈಯಾಗಿನ ದುಡ್ಡು ನನಗೆ ಆಗಲ್ವಾ?"

ಅವ್ವ ಅವಳನ್ನೇ ನೋಡಿದಳು. ಎಷ್ಟೋ ಚಳಿಗಾಲ ಅವಳ ಎದುರು ಕೂತು ಕಾಯಿ ಆರಿಸಿದ್ದಾಳೆ. ಹಬ್ಬದ ದಿನ ಬೆಳಿಗ್ಗೆ ಮೊದಲು ಅವಳ ಹತ್ತಿರವೇ ಹೋಗಿದ್ದಾಳೆ, ಅಪ್ಪ ಇದ್ದಾಗ, ಕೈತುಂಬ ಬಳೆ ಇದ್ದಾಗ.

"ನಿನ್ನನ್ನ ನಾನು ಯಾವತ್ತೂ ಹಂಗೆ ಅಂದ್ಕಂಡಿಲ್ಲವ್ವ" ಎಂದಳು ಅವ್ವ ಮೆಲ್ಲಗೆ.

"ಮತ್ತೆ ನಿನ್ನನ್ನ ಯಾಕೆ ಅಂದ್ಕಂತೀಯಾ?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಟೀ ಅಂಗಡಿಯವನಿಗೆ "ಇವರಿಗೊಂದು ಟೀ ಕೊಡಪ್ಪ, ಸಕ್ರೆ ಮುಂದಾಗಿ ಹಾಕು" ಎಂದಳು. ಮನೆಗೆ ಬಂದು ಅವರೆಕಾಯಿ ಬಿಡಿಸಿ ಹುಳಿ ಮಾಡಿದಳು. ಮುದ್ದೆಯ ಜೊತೆ ಎರಡೆರಡು ಸಲ ಬಡಿಸಿಕೊಂಡು ಉಂಡೆವು. ನನ್ನ ಬಾಯಿ ಹೊಲಸು, ಆದದ್ದನ್ನು ಕೆಡಿಸಿಬಿಟ್ಟೇನು ಎಂದು ಸುಮ್ಮನಿದ್ದೆ.

ಮುಂದಿನ ಭಾನುವಾರ ನಾನು ಎದ್ದಾಗ ಮನೆಯಲ್ಲಿ ಅವ್ವ ಇಲ್ಲ. ಒಲೆ ಹಚ್ಚಿಲ್ಲ, ಫೋನು ಕಿಟಕಿಯಲ್ಲೇ ಇದೆ, ಮುಂಬಾಗಿಲು ಸುಮ್ಮನೆ ಎಳೆದುಕೊಂಡಿದೆ. ಚಪ್ಪಲಿ ಮೆಟ್ಟಿ, ಕೂದಲು ಕಟ್ಟಿಕೊಳ್ಳುತ್ತಲೇ ಬಸ್ ಸ್ಟ್ಯಾಂಡಿನ ಕಡೆ ಓಡಿದೆ. ಹೇಳದೆ ಕೇಳದೆ ಹೋದದ್ದಕ್ಕೆ ಸರಿಯಾಗಿ ಝಾಡಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಸಾಲಿನ ಹೆಂಗಸರು ಚೀಲ ಬಿಚ್ಚುತ್ತಿದ್ದರು. ಅವ್ವ ನಟ್ಟ ನಡುರಸ್ತೆಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಅವರೆಕಾಯಿ ಚೀಲ, ಇನ್ನೊಂದರಲ್ಲಿ ಬೇರುಸಮೇತ ಮೆಂತ್ಯದ ಕಟ್ಟು, ಕಂಕುಳಲ್ಲಿ ಕೊತ್ತಂಬರಿ. ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಎಲ್ಲಿಗೆ ಹೋಯಿತೋ. ವರ್ಷದ ಮೇಲಾಗಿ ಕಟ್ಟಿಕೊಂಡಿದ್ದ ಉಸಿರು ಬಿಟ್ಟೆ, ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ಆ ತುದಿಯಿಂದ ಬದನೆಕಾಯಿಯ ಮುದುಕಿ ತಕ್ಕಡಿ ಎತ್ತಿ ಹಿಡಿದು, "ಅವ್ವಾರೇ, ನನ್ನ ತಾವ ಯಾವಾಗ ಬರ್ತೀರಿ? ನಂದಿನ್ನೂ ಆಗಿಲ್ಲ!" ಎಂದು ಕೂಗಿದಳು.

ಅವ್ವ ನನ್ನತ್ತ ತಿರುಗಿಯೂ ನೋಡಲಿಲ್ಲ. "ತಡಿಯವ್ವಾ, ಇರಾದು ಎರಡೇ ಕೈ, ಬರ್ತೀನಿ!" ಎಂದು ಆ ಕಡೆ ನಡೆದಳು.