ಸೆನೆಟರ್ ಪರಿಚಯ ಓದಿದ ದಿನ

ಟೋಕಿಯೋದ ಮಿನಾಟೋದಲ್ಲಿರುವ ಒಂದು ಸಭಾಂಗಣದಲ್ಲಿ ನನಗೆ ಅರೆಕಾಲಿಕ ಕೆಲಸ. ವಿದೇಶಿ ಅತಿಥಿಗಳು ಭಾಷಣಕ್ಕೆ ಬಂದಾಗ ಅವರ ಪರಿಚಯವನ್ನು ಇಂಗ್ಲಿಷಿನಲ್ಲಿ ಓದುವುದು, ಅಷ್ಟೇ. ನಾನು ಹುಟ್ಟಾ ಪುಕ್ಕಲಿ. ಯಾರೋ ಬರೆದದ್ದನ್ನು ಓದಿ ಕೂತುಬಿಡುವ ಈ ಕೆಲಸ ನನಗೆ ಹೇಳಿ ಮಾಡಿಸಿದಂಥದ್ದು. ಆದರೆ ಆ ಅಮೆರಿಕನ್ ಸೆನೆಟರ್ ಬರುತ್ತಾರೆಂದು ತಿಳಿದಾಗಿನಿಂದ ನನಗೆ ಊಟ ಸೇರಲಿಲ್ಲ.

ಅವರ ರಾಜ್ಯದಲ್ಲೇ ನನ್ನ ಅಕ್ಕ ಇದ್ದದ್ದು. ಭಾವನ ಕೆಲಸ ಹೋಗಿ, ಹೊಸ ಕಂಪನಿ ಹಾಕಿದ ವೀಸಾ ಅರ್ಜಿ ಎಲ್ಲೋ ಸಿಕ್ಕಿಕೊಂಡಿತ್ತು. ಗಡುವಿನೊಳಗೆ ಅದು ಹೊರಬರದಿದ್ದರೆ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳನ್ನು ಕರೆದುಕೊಂಡು ದೇಶ ಬಿಡಬೇಕಿತ್ತು. ಸೆನೆಟರ್ ಕಚೇರಿಯಿಂದ ಯಾರಾದರೂ ವಿಚಾರಿಸಿದರೆ ಇಂಥ ಫೈಲು ಕದಲುತ್ತದೆ ಎಂದು ಅಕ್ಕನ ವಕೀಲರು ಹೇಳಿದ್ದರಂತೆ. ಅಕ್ಕ ಆ ಕಚೇರಿಗೆ ಕಳಿಸಿದ ಮನವಿಗೆ ಮಾತ್ರ ಉತ್ತರವೇ ಬಂದಿರಲಿಲ್ಲ.

"ನೀನು ಅವ್ರ ಪಕ್ಕದಲ್ಲೇ ಇರ್ತೀಯ ಕಣೇ. ಜಸ್ಟ್ ನಮ್ ಕೇಸ್ ಒಂದ್ಸಲ ನೋಡಿ ಅಂತ ಹೇಳು, ಸಾಕು," ಅಂದಳು ಅಕ್ಕ ಫೋನಿನಲ್ಲಿ.

"ಹೇಳ್ತೀನಕ್ಕ," ಅಂದೆ.

ಅಷ್ಟರಲ್ಲಿ ನಾನು ಓದಬೇಕಿದ್ದ ಪರಿಚಯ ಕೈಗೆ ಬಂತು. ಜೋಳ ಬೆಳೆಯುವ ಸಣ್ಣ ಊರಿನಲ್ಲಿ ಟೈರ್ ಅಂಗಡಿಯವರ ಮಗ. ಸೈನ್ಯದಿಂದ ಬಂದು ಅದೇ ಅಂಗಡಿಯಲ್ಲಿ ಕೂತವರು, ಶಾಲೆಗೆಂದು ತೆರಿಗೆ ಏರಿಸಿದ್ದಕ್ಕೆ ಸಿಟ್ಟಾಗಿ ಶಾಲಾ ಮಂಡಳಿಯ ಚುನಾವಣೆಗೆ ನಿಂತು ಗೆದ್ದರು. ಅಲ್ಲಿಂದ ರಾಜ್ಯದ ಶಾಸನಸಭೆ. ಸೆನೆಟ್‌ಗೆ ಮೊದಲ ಸಲ ನಿಂತಾಗ ಹೀನಾಯವಾಗಿ ಸೋತರು. ಎರಡನೇ ಸಲ ಚರ್ಚು, ಬಂದೂಕಿನ ಹಕ್ಕು ಎನ್ನುತ್ತ ಊರೂರು ಸುತ್ತಿದರು; ಹೊರಗಿನವರು ನಮ್ಮ ಮಕ್ಕಳ ಕೆಲಸ ಕಿತ್ತುಕೊಳ್ಳುತ್ತಿದ್ದಾರೆ ಎಂಬುದನ್ನೂ ಸೇರಿಸಿಕೊಂಡರು. ಆಮೇಲೆ ಸೋತೇ ಇಲ್ಲ. ವಿದೇಶಿ ಕೆಲಸಗಾರರ ವೀಸಾಕ್ಕೆ ಕತ್ತರಿ ಹಾಕುವ ಮಸೂದೆ ಅವರ ಹೆಮ್ಮೆಯ ಕೂಸು. ಅದನ್ನು ನಗುನಗುತ್ತ ಓದಬೇಕಾದವಳು ನಾನು! ತೊಯೊಸುವಿನ ನಮ್ಮ ಫ್ಲಾಟಿನಲ್ಲಿ ಅಭ್ಯಾಸ ಮಾಡುವಾಗ ಆ ಸಾಲು ಬಂದಾಗಲೆಲ್ಲ ತಡವರಿಸುತ್ತಿದ್ದೆ. "ಅಮ್ಮ, ಯು ಸೌಂಡ್ ಸ್ಕೇರ್ಡ್," ಅಂದಳು ನನ್ನ ಮಗಳು. ನಾನು ಅವಳನ್ನು ಗದರಿ ಹೋಂವರ್ಕಿಗೆ ಕಳಿಸಿದೆ.

ಆ ದಿನ ಅತಿಥಿಗಳ ಕೋಣೆಯಲ್ಲಿ ಅವರು ಚಹಾ ಕುಡಿಯುತ್ತ ಕೂತಿದ್ದರು. ಎತ್ತರದ, ಸ್ವಲ್ಪ ಬಾಗಿದ ಮುದುಕರು. ಅವರ ಜೊತೆಯವರೂ ನಮ್ಮ ಮ್ಯಾನೇಜರೂ ವೇದಿಕೆ ನೋಡಲು ಹೋಗಿದ್ದರು. ಅತಿಥಿಗಳ ಮುಂದೆ ಸ್ವಂತ ವಿಷಯ ಎತ್ತಿದರೆ ಕೆಲಸ ಹೋಗುತ್ತದೆಂದು ನನಗೆ ಗೊತ್ತಿತ್ತು. ಹೋದರೆ ಹೋಗಲಿ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಇಬ್ಬರ ಫೋನೂ ಒಟ್ಟಿಗೇ ಕಿರುಚಿಕೊಂಡವು. ಭೂಕಂಪದ ಮುನ್ನೆಚ್ಚರಿಕೆ. ಚೌಕಟ್ಟು ವಾಲಿ ಬಾಗಿಲು ಸಿಕ್ಕಿಕೊಳ್ಳಬಾರದೆಂದು ಇಲ್ಲಿ ಎಲ್ಲರಿಗೂ ಕಲಿಸುವಂತೆ ಮೊದಲು ಬಾಗಿಲು ತೆರೆದಿಟ್ಟೆ. ಆಮೇಲೆ ಅವರ ಕೈಹಿಡಿದು ಮೇಜಿನ ಕೆಳಗೆ ಎಳೆದೆ. ಕಪ್ಪುಗಳು ಉರುಳಿ ಒಡೆದವು. ಗೋಡೆಗಳು ಕಿರ್ರೆಂದವು. ಅವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತ ನನ್ನ ಕೈಯನ್ನು ಉಗುರು ಊರುವಂತೆ ಹಿಡಿದಿದ್ದರು. ಮಗಳ ಶಾಲೆ, ಗಂಡನ ಆಫೀಸು, ಅಕ್ಕ, ಎಲ್ಲ ಒಟ್ಟಿಗೇ ನನ್ನ ಕಣ್ಣಮುಂದೆ ಬಂದವು.

ನಡುಕ ನಿಂತಿತು. ಸೆನೆಟರ್ ಮೆಲ್ಲನೆ ಎದ್ದು ಟೈ ಸರಿಮಾಡಿಕೊಂಡರು.

"ನೀವು ನನ್ನ ಕೈ ಬಿಡಲಿಲ್ಲ," ಅಂದರು. "ನನ್ನಿಂದ ನಿಮಗೆ ಏನಾದರೂ ಆಗಬೇಕೇ? ಸುಮ್ಮನೆ ಕೇಳುತ್ತಿಲ್ಲ."

"ಅಯ್ಯೋ, ಏನೂ ಬೇಡ ಸರ್," ಅಂದೆ.

ಯೋಚಿಸಿ ಅಂದದ್ದಲ್ಲ. ಕಾಫಿ ಕೊಡಲೇ ಎಂದರೆ ನಮ್ಮ ಕಡೆ ಮೊದಲು ಬೇಡ ಅನ್ನಬೇಕು. ಅವರು ಒತ್ತಾಯ ಮಾಡಬೇಕು. ಆಮೇಲೆ ಅರ್ಧ ಲೋಟ ಸಾಕು ಅನ್ನಬೇಕು. ಕೇಳಿದ ತಕ್ಷಣ ಹೂಂ ಅಂದರೆ ಅಮ್ಮ ಕಣ್ಣಲ್ಲೇ ಗದರುತ್ತಿದ್ದಳು. ಜಪಾನಿನಲ್ಲೂ ಹೆಚ್ಚುಕಡಿಮೆ ಹೀಗೇ ಇದ್ದದ್ದರಿಂದ ನನ್ನ ಅಭ್ಯಾಸ ಬಿಟ್ಟುಹೋಗಿರಲಿಲ್ಲ. ಅಕ್ಕನ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು, ಅವರು ಇನ್ನೊಮ್ಮೆ ಕೇಳಲೆಂದು ಕಾದು ನಿಂತೆ.

ಅವರು ನನ್ನ ಭುಜ ತಟ್ಟಿ, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದರು. ಜೊತೆಯವರು ಓಡಿಬಂದು ಸುತ್ತುಗಟ್ಟಿದರು. "ಸುಮಿಮಾಸೆನ್, ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಬಾಗುತ್ತ ಮ್ಯಾನೇಜರ್ ಅವರನ್ನು ಕರೆದೊಯ್ದರು. ಕಟ್ಟಡವನ್ನು ಪರೀಕ್ಷಿಸಿದ ಮೇಲೆ ಕಾರ್ಯಕ್ರಮವೂ ನಡೆಯಿತು. ಟೈರ್ ಅಂಗಡಿಯಿಂದ ಮಸೂದೆಯವರೆಗೆ ನಾನು ಒಂದೂ ತಪ್ಪಿಲ್ಲದೆ ಓದಿದೆ. ಭಾಷಣ ಮುಗಿದದ್ದೇ ಅವರನ್ನು ಹಿಂಬಾಗಿಲಿನಿಂದ ಕಾರಿಗೆ ಹತ್ತಿಸಿದರು.

ಮಗಳ ಶಾಲೆಯಿಂದ ಎಲ್ಲರೂ ಕ್ಷೇಮವೆಂದು ಮೆಸೇಜ್ ಬಂತು. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೈಯಲಿ ಎಂದೇ ಕಾದಿದ್ದೆ. ಅವಳು ಬೈಯಲಿಲ್ಲ.

"ಬೇಡ ಅಂದ್ಮೇಲೆ... ಇನ್ನೊಂದ್ಸಲ ಕೇಳ್ಲೇ ಇಲ್ವಾ ಅವ್ರು?" ಅಂದಳು. ಅಷ್ಟು ವರ್ಷ ಆ ದೇಶದಲ್ಲಿದ್ದವಳೂ ಅದನ್ನೇ ಕೇಳಿದಳು.

"ಇಲ್ಲ ಅಕ್ಕ."

"ಸರಿ ಬಿಡು. ನಾಳೆಯಿಂದ ಪ್ಯಾಕಿಂಗ್ ಶುರು ಮಾಡ್ತೀನಿ," ಅಂದಳು.